ಟ್ಯೂಬ್‌ಲೈಟ್ ರಿಪೇರಿಗೆ ಬಂದವನು

ಅಪ್ಪ,

ನೀನು ಓದುವುದಿಲ್ಲವೆಂದೇ ಬರೆಯುತ್ತಿದ್ದೇನೆ. ಕುಡಿತ ಬಿಡುವವರ ಸಭೆ ಇಲ್ಲೇ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಡೆಯುತ್ತದೆಂದು ಗೊತ್ತಾಯಿತು. ಇವತ್ತು ಆ ಕಟ್ಟಡಕ್ಕೆ ನಾಲ್ಕು ಸುತ್ತು ಹಾಕಿ ಒಳಗೆ ಹೋದೆ. ಎಲ್ಲರೂ ತಿರುಗಿ ನೋಡಿದ್ದೇ ತಡ, "ಟ್ಯೂಬ್‌ಲೈಟ್ ರಿಪೇರಿಗೆ ಬಂದೆ" ಅಂದುಬಿಟ್ಟೆ. ಕೆಲಸದ ಚೀಲ ಹೆಗಲಲ್ಲೇ ಇತ್ತು, ಪುಣ್ಯಕ್ಕೆ ಲೈಟೂ ಮಿಣುಕುತ್ತಿತ್ತು. ಸ್ಟೂಲ್ ಹತ್ತಿ ಸ್ಟಾರ್ಟರ್ ಬದಲಿಸುವಾಗ ಅದು ಎರಡು ಸಲ ಕೈಜಾರಿ ಬಿತ್ತು.

ಸ್ಟೂಲ್ ಹಿಡಿದಿದ್ದ ಹಿರಿಯರು ನಕ್ಕರು. "ಹಿಂದೆ ಒಬ್ರು ಬಡಗಿ ಕಿಟಕಿ ರಿಪೇರಿಗೆ ಬಂದೆ ಅಂದಿದ್ರು. ಹೊಸ ಚಿಲಕ ಕೂರಿಸಿ ಹೊರಟೇಹೋದ್ರು. ನೀವಾದ್ರೂ ಕೂತ್ಕೊಳ್ಳಿ."

ಕಿಟಕಿ ನೋಡಿದೆ. ನಮ್ಮ ಮನೆಗೆ ನೀನು ಹಾಕಿದ ಎಲ್ಲ ಚಿಲಕಗಳ ಹಾಗೆ ಅದೂ ನಿನ್ನ ಎಡಗೈಗೆ ಸಲೀಸಾಗುವಂತೆ ಉಲ್ಟಾ ಕೂತಿತ್ತು. ಅಲ್ಲಿವರೆಗೂ ಹೋಗಿದ್ದೆ ಅಂತ ನೀನು ಅಮ್ಮನಿಗೂ ಹೇಳಲಿಲ್ಲ.

ನಾನು ಚೀಲ ಕೆಳಗಿಟ್ಟೆ. ಆ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂತೆ, ಅಪ್ಪ.