ಬಾಗಿಲಿಲ್ಲದ ಕೋಣೆ

ನೆಕಾರ್ ನದಿಯ ದಂಡೆ, ಜರ್ಮನಿ
ನವೆಂಬರ್ ೩

ಒರ್ತೆನ್ಸಿಯಾ,

ಹೆಸರಿನ ಹಿಂದೆ ಯಾವ ವಿಶೇಷಣವನ್ನೂ ಹಚ್ಚಿಲ್ಲ. ಹಚ್ಚಿದರೆ ನೀನು ನಂಬುವುದಿಲ್ಲ. ನಂಬಿದರೆ ನನಗೇ ಮುಜುಗರ. ನೀನು ಕೊಚಬಾಂಬಾದ ನಮ್ಮ ಮನೆ ಬಿಟ್ಟು ಕಿಯಾಕೊಯೊದಲ್ಲಿ ತಂಗಿಯ ಮನೆ ಸೇರಿದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರವಿದು. ಮಗಳನ್ನು ಕರೆದುಕೊಂಡೇ ಬರುತ್ತೇನೆಂದು ನಾಲ್ಕು ಜನರ ಮುಂದೆ ಹೇಳಿ ಹೊರಟವನು ನಾನು. ಒಬ್ಬನೇ ಮರಳುತ್ತಿದ್ದೇನೆ. ಕಾರಣವನ್ನು ನೀನು ಇತರರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯುವುದು ಉಚಿತ.

ನಮ್ಮ ಮಗ ಸತ್ತ ಊರಿಗೆ, ಅವನು ಓದುತ್ತಿದ್ದ ವಿಶ್ವವಿದ್ಯಾಲಯಕ್ಕೆ, ಅವನು ಸತ್ತ ಕೋಣೆಗೇ ನಮ್ಮ ಮಗಳು ಹೋಗುತ್ತಾಳೆಂದರೆ ಯಾವ ತಂದೆ ಒಪ್ಪುತ್ತಾನೆ? ನಾನು ಒಪ್ಪಲಿಲ್ಲ. ನಾನು ಶಾಲೆಯಲ್ಲಿ ತರ್ಕಶಾಸ್ತ್ರದ ಪಾಠ ಮಾಡುತ್ತಿದ್ದ ಹೊತ್ತಿನಲ್ಲಿ ನೀನು ಅವಳನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದು ಹತ್ತಿಸಿ ಬಂದೆ. ಆ ವಿಷಯದಲ್ಲಿ ನನ್ನ ತೀರ್ಪು ಬದಲಾಗಿಲ್ಲ.

ನಾನಿಲ್ಲಿಗೆ ಬಂದಾಗ ನೊಯೆಮಿ ಊರಿನ ಕಚೇರಿಯಲ್ಲಿ ವಿಳಾಸ ದಾಖಲಿಸಿ, ವಿಮೆ ಮಾಡಿಸಿ, ಗ್ರಂಥಾಲಯದ ಚೀಟಿ ಪಡೆದು, ಯಾವ ಕಸ ಯಾವ ಡಬ್ಬಿಗೆ ಎಂಬುದನ್ನೂ ಕಲಿತಾಗಿತ್ತು. ಭಾನುವಾರ ಬಟ್ಟೆ ಒಗೆಯುವ ಯಂತ್ರ ಹಾಕಬಾರದು, ಗಾಜಿನ ಬಾಟಲಿ ಎಸೆದು ಸದ್ದು ಮಾಡಬಾರದು ಎಂದು ನನಗೇ ಬೋಧಿಸಿದಳು. ಲೊಕೊತೊ ಮೆಣಸಿನಕಾಯಿ ಸಿಗದ ಊರಿನಲ್ಲಿ ಹಂಗೇರಿಯ ಮೆಣಸಿನಕಾಯಿ ಅರೆದು ಯಾಹ್ವಾ ಚಟ್ನಿ ಮಾಡಿಟ್ಟಿದ್ದಾಳೆ. ರುಚಿ ಇಲ್ಲ, ಆದರೆ ಉರಿ ಇದೆ. ಅವಳ ಸ್ವಭಾವವೂ ಈಗ ಅದೇ.

ವಿದ್ಯಾರ್ಥಿಗಳ ಆ ಕಟ್ಟಡದ ಹೊರಗೋಡೆಯ ಮೇಲೆ ಸಾಲಾಗಿ ಕರೆಗಂಟೆಯ ಗುಂಡಿಗಳಿವೆ. ಒಂದೊಂದು ಕೋಣೆಗೆ ಒಂದೊಂದು, ಪಕ್ಕದಲ್ಲಿ ಹೆಸರಿನ ಚೀಟಿ. ಇಲ್ಲಿ ಕೋಣೆಗೆ ಸಂಖ್ಯೆಯಿಲ್ಲ. ಚೀಟಿಯಲ್ಲಿ ಹೆಸರಿಲ್ಲದವನಿಗೆ ಅಂಚೆಯೂ ಬರುವುದಿಲ್ಲ, ಅತಿಥಿಯೂ ಬರುವುದಿಲ್ಲ. ಬರೆಯುವುದು ಮನೆತನದ ಹೆಸರು ಮಾತ್ರ. ನಾನು ಪೆಟ್ಟಿಗೆ ಹಿಡಿದು ಆ ಗೋಡೆಯ ಮುಂದೆ ನಿಂತಾಗ ಮೂರನೆಯ ಮಹಡಿಯ ಸಾಲಿನಲ್ಲಿ ‘ತೆರಾಸಾಸ್’ ಎಂದಿತ್ತು. ಇಸ್ಮಾಯೆಲ್‌ನ ಕೈಬರಹ. ಮೊದಲ ಅಕ್ಷರದ ಅಡ್ಡಗೆರೆಯನ್ನು ಅವನು ಸೂರಿನಂತೆ ಮುಂದಕ್ಕೆ ಚಾಚುತ್ತಿದ್ದುದು ನಿನಗೆ ನೆನಪಿರಬೇಕು.

ಮೇಲೆ ಹೋದವನೇ ಕೇಳಿದೆ, ಸತ್ತವನ ಚೀಟಿಯ ಕೆಳಗೆ ಬದುಕುವುದು ಯಾವ ವಿವೇಕವೆಂದು.

“ಕಟ್ಟಡ ನೋಡ್ಕೊಳ್ಳೋರು ಹೊಸ ಚೀಟಿ ತಂದಿದ್ರು ಅಪ್ಪಾ. ನಾನೇ ಬೇಡ ಅಂದೆ. ನನ್ ಹೆಸರೂ ತೆರಾಸಾಸೇ ಅಲ್ವಾ? ಬದಲಾಯ್ಸೋಕೆ ಏನಿದೆ ಅದ್ರಲ್ಲಿ?”

ಕಾನೂನು ಕಾಲೇಜಿನ ಚರ್ಚಾಕೂಟದಲ್ಲಿ ಬೆಳ್ಳಿ ಬಟ್ಟಲು ಗೆದ್ದವನ ಬಾಯಿ ಮೊದಲ ಸುತ್ತಿನಲ್ಲೇ ಕಟ್ಟಿತು.

ಆ ಮನೆಯಲ್ಲಿ ಮೂರು ಕೋಣೆಗಳು, ಒಂದು ಅಡುಗೆಮನೆ. ಒಂದು ಕೋಣೆಯಲ್ಲಿ ಹೆನ್ನಿಂಗ್ ಎಂಬ ಜರ್ಮನ್ ಹುಡುಗ, ಇನ್ನೊಂದರಲ್ಲಿ ಜಾರ್ಜಿಯಾ ದೇಶದ ತಮುನಾ. ಇಬ್ಬರೂ ಕಳೆದ ವರ್ಷ ಇಸ್ಮಾಯೆಲ್ ಇದ್ದಾಗಲೂ ಅಲ್ಲೇ ಇದ್ದವರು. ಮೂರನೆಯ ಕೋಣೆಗೆ ಬಾಗಿಲಿಲ್ಲ. ಇಲ್ಲಿಯ ಬಾಗಿಲುಗಳು ಕೀಲಿನ ಮೇಲೆ ಸುಮ್ಮನೆ ಕುಳಿತಿರುತ್ತವೆ; ಇಬ್ಬರು ಹಿಡಿದು ಎತ್ತಿದರೆ ಕಳಚಿ ಬರುತ್ತವೆ. ನಿನ್ನ ಮಗಳು ಬಂದ ದಿನವೇ ಹೆನ್ನಿಂಗ್‌ನಿಂದ ಒಂದು ತುದಿ ಹಿಡಿಸಿ ಅದನ್ನು ಕಳಚಿ, ನೆಲಮಾಳಿಗೆಯಲ್ಲಿ ಸೈಕಲ್ಲುಗಳ ಪಕ್ಕ ಒರಗಿಸಿ ಬಂದಿದ್ದಾಳೆ. ಬಟ್ಟೆ ಬದಲಾಯಿಸುವಾಗ ಮಾತ್ರ ನೀನು ಕೊಟ್ಟ ಬಣ್ಣದ ಪಟ್ಟಿಯ ಅಗುವಾಯೊ ಹೊದಿಕೆಯನ್ನು ಅಡ್ಡ ಎಳೆದುಕೊಳ್ಳುತ್ತಾಳೆ. ಅವಳು ಮಲಗಿದ್ದು, ಎದ್ದದ್ದು, ಓದಿದ್ದು, ಅತ್ತದ್ದು ಎಲ್ಲವೂ ಅಡುಗೆಮನೆಗೆ ಹೋಗುವವರ ಕಣ್ಣೆದುರಿಗೇ.

“ಬಾಗಿಲಿಲ್ಲದ ಕೋಣೇಲಿ ಇದ್ಕೊಂಡು ಗಂಡು ಹುಡುಕೋದು ಹೇಗಮ್ಮಾ ನೀನು?” ಎಂದು ತಮುನಾ ನನ್ನೆದುರಿಗೇ ಜರ್ಮನ್‌ನಲ್ಲಿ ಛೇಡಿಸಿದಳು; ಅರ್ಥವನ್ನು ನೊಯೆಮಿಯೇ ಆಮೇಲೆ ಹೇಳಿದ್ದು.

“ಬಾಗಿಲು ಹಾಕ್ಕೊಂಡು ಹುಡುಕ್ತಿರೋ ನಿಂಗೆ ಸಿಕ್ಕಿಬಿಟ್ನಾ?” ಎಂದಳು ನಿನ್ನ ಮಗಳು.

ಇಬ್ಬರೂ ನಕ್ಕರು. ಆ ಗೋಡೆಗಳ ನಡುವೆ ನಗು ಕೇಳುವುದನ್ನು ನಾನು ನಿರೀಕ್ಷಿಸಿರಲಿಲ್ಲ. ಕ್ಷಮಿಸಲೂ ಇಲ್ಲ.

ಹೆನ್ನಿಂಗ್ ನನ್ನನ್ನು ಕಂಡಾಗಲೆಲ್ಲ ಗೋಡೆಗೆ ಅಂಟಿಕೊಂಡು ಸರಿಯುತ್ತಿದ್ದ. ಕಡೆಗೊಮ್ಮೆ ನನ್ನ ಮುಂದೆ ನಿಂತು, ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ, “ದೊನ್ ಒಕ್ತಾವಿಯೊ, ಗುರುವಾರ ಸಂಜೆ ನಿಮಗೆ ಬಿಡುವಿದೆಯಾ? ಇಸ್ಮಾಯೆಲ್ ಬಗ್ಗೆ ಮಾತಾಡ್ಬೇಕಿತ್ತು” ಎಂದ. ಗಮನಿಸು, ಒರ್ತೆನ್ಸಿಯಾ. ಪಕ್ಕದ ಕೋಣೆಯವನು, ದಿನವೂ ಒಂದೇ ಒಲೆಯಲ್ಲಿ ಕಾಫಿ ಕಾಯಿಸುವವನು, ನನ್ನ ಮಗನ ಸಾವಿನ ಬಗ್ಗೆ ಮಾತನಾಡಲು ನನ್ನಿಂದ ಸಮಯ ಗೊತ್ತುಮಾಡಿಕೊಂಡ. ಬುಧವಾರವೂ ನಾನು ಅಲ್ಲೇ ಇದ್ದೆ. ಅವನೂ ಇದ್ದ. ಎದುರುಬದುರು ಕುಳಿತು ಬ್ರೆಡ್ಡು ತಿಂದೆವು. ಗುರುವಾರಕ್ಕಾಗಿ ಕಾದೆವು.

ಗುರುವಾರ ಅವನು ಹೇಳಿದ್ದಿಷ್ಟು: “ಅವನ ಬಾಗಿಲು ಹಾಕಿತ್ತು. ಸಾಲು ರಜೆ, ಎಲ್ಲಾದ್ರೂ ಸುತ್ತೋಕೆ ಹೋಗಿರ್ತಾನೆ ಅಂದ್ಕೊಂಡೆ. ಹಾಕಿದ ಬಾಗಿಲು ಅಂದ್ರೆ ನಮ್ಮಲ್ಲಿ... ಒಳಗಿರೋರಿಗೆ ಮರ್ಯಾದೆ ಕೊಡೋದು ಅಂತ. ಒಂದ್ಸಲ ಕೆಮ್ಮು ಕೇಳಿಸ್ತು. ತಟ್ಟೋಣ ಅಂತ ಕೈ ಎತ್ತಿದ್ದೆ. ತೊಂದ್ರೆ ಆಗುತ್ತೇನೋ ಅಂತ ಇಳಿಸ್ದೆ.”

ಅವನು ಅತ್ತ. ನಾನು ಅಳಲಿಲ್ಲ. ಸರ್ವಸಂತರ ಹಬ್ಬದ ರಜೆಯಲ್ಲಿ ಜ್ವರ ತಲೆಗೇರಿ ನಮ್ಮ ಮಗ ಆ ಗೋಡೆಯಾಚೆ ಸಾಯುತ್ತಿದ್ದಾಗ ಈಚೆ ಇಬ್ಬರು ಮರ್ಯಾದೆಯಿಂದ ಪಾತ್ರೆ ತೊಳೆಯುತ್ತಿದ್ದರು. ಆ ವಾರ ಅಡುಗೆಮನೆ ಶುಚಿಮಾಡುವ ಸರದಿ ಇಸ್ಮಾಯೆಲ್‌ನದಾಗಿತ್ತಂತೆ. ರಜೆ ಮುಗಿದ ಮೇಲೂ ಅವನು ಮಾಡಲಿಲ್ಲವೆಂದು ಕೇಳುವುದಕ್ಕೆ ಕಡೆಗೆ ತಮುನಾ ಬಾಗಿಲು ತಟ್ಟಿದ್ದು. ಪಾತ್ರೆಗೋಸ್ಕರ.

ಸಮಾಧಿಯ ಬಳಿ, ನನ್ನ ಅಣ್ಣತಮ್ಮಂದಿರೆದುರು ನೀನು ಕೂಗಿದ್ದು ನನ್ನ ಕಿವಿಯಲ್ಲಿದೆ: “ನೀನೇ ಕಲ್ಸಿದ್ದು ಅವನಿಗೆ! ಪರದೇಶ, ಯಾರಿಗೂ ಹೊರೆ ಆಗ್ಬೇಡ, ಯಾರ ಬಾಗಿಲೂ ತಟ್ಬೇಡ ಅಂತ ನೀನೇ ಹೇಳಿ ಕಳ್ಸಿದ್ದು!” ಆ ವಾದವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಸೌಜನ್ಯ ಕಲಿಸುವುದು ತಂದೆಯ ಕರ್ತವ್ಯ. ಕಲಿಸಿದ ಸೌಜನ್ಯದಿಂದ ಒಬ್ಬ ಸತ್ತನೆಂದರೆ ದೋಷ ಸೌಜನ್ಯದ್ದಲ್ಲ. ಈ ಬಗ್ಗೆ ಇನ್ನಷ್ಟು ಬರೆಯಬಲ್ಲೆ. ಬರೆಯುವುದಿಲ್ಲ.

ಮರುವಾರ ನೊಯೆಮಿ ತನ್ನ ತರಗತಿಯಲ್ಲಿ ಪ್ರಬಂಧ ಮಂಡಿಸುವುದಿತ್ತು. ನಮ್ಮ ಬೆಟ್ಟಗಳ ಹಿಮ ಕರಗಿ ನೀರು ಬತ್ತುತ್ತಿರುವುದರ ಬಗ್ಗೆ, ಜರ್ಮನ್ ಭಾಷೆಯಲ್ಲಿ, ಮೊದಲ ಬಾರಿ. “ಸುಮ್ನೆ ಹಿಂದಿನ ಬೆಂಚಲ್ಲಿ ಕೂತಿರ್ಬೇಕು. ಮಾತಾಡಿದ್ರೆ ನೋಡು” ಎಂದು ಎಚ್ಚರಿಸಿ ಕರೆದೊಯ್ದಳು. ಒಂದು ಮಾತೂ ತಿಳಿಯದಿದ್ದರೂ ಅವಳ ನಿಲುವನ್ನು ನೋಡಿದೆ. ಎಡಗೈ ಬೆನ್ನ ಹಿಂದೆ, ಬಲಗೈಯಲ್ಲಿ ಕಾಗದ, ವಾಕ್ಯದ ತುದಿಯಲ್ಲಿ ಗಲ್ಲವನ್ನು ಸ್ವಲ್ಪ ಎತ್ತುವುದು. ಅದು ನನ್ನ ನಿಲುವು. ಯಾರು ಕಲಿಸಿದರೋ ತಿಳಿಯದು. ಅವಳಿಗೆ ಚರ್ಚೆ ಕಲಿಸಲು ನನಗೆ ಬಿಡುವಿರಲಿಲ್ಲ.

ಅವಳು ಮುಗಿಸಿದ ಕೂಡಲೇ ಸಭೆಯವರೆಲ್ಲ ಬೆರಳ ಗೆಣ್ಣುಗಳಿಂದ ಮೇಜು ಕುಟ್ಟತೊಡಗಿದರು. ನಮ್ಮ ಕಾಲೇಜಿನ ಸಭಾಂಗಣದಲ್ಲಿ ಬೆಂಚು ಕುಟ್ಟುವುದೆಂದರೆ ಏನೆಂದು ನಿನಗೆ ಗೊತ್ತು. ನೀನೂ ಅಲ್ಲಿ ಕುಳಿತು ನನ್ನ ಎದುರಾಳಿಗಳಿಗೆ ಕುಟ್ಟಿದವಳು. ಸಾಕು, ಕೆಳಗಿಳಿ, ತೊಲಗು ಎಂದರ್ಥ. ನಾನು ಎದ್ದು ನಿಂತೆ. ಪರದೇಶದಿಂದ ಬಂದ ಹೆಣ್ಣುಮಗಳನ್ನು ಹೀಗೆ ಓಡಿಸುವುದು ವಿದ್ಯೆಯಲ್ಲವೆಂದು, ಒಬ್ಬನನ್ನು ನೀವು ಈಗಾಗಲೇ ತಿಂದಿದ್ದೀರೆಂದು, ನಮ್ಮ ಭಾಷೆಯಲ್ಲಿ, ಸಭಾಮರ್ಯಾದೆ ತಪ್ಪದ ಪೂರ್ಣ ವಾಕ್ಯಗಳಲ್ಲಿ ಹೇಳಿದೆ. ಕುಟ್ಟುವುದು ನಿಂತಿತು. ನೊಯೆಮಿ ಓಡಿಬಂದು ನನ್ನ ತೋಳು ಜಗ್ಗಿದಳು.

“ಅಪ್ಪಾ, ಕೂತ್ಕೋ! ಅದು ಚಪ್ಪಾಳೆ ಅಪ್ಪಾ. ಇಲ್ಲಿ ಮೆಚ್ಚಿದ್ರೆ ಹಂಗೇ ಮೇಜು ತಟ್ಟೋದು.”

ಅವರ ಪ್ರಾಧ್ಯಾಪಕಿ ನಗಲಿಲ್ಲ. ನೊಯೆಮಿಯಿಂದ ಅರ್ಥ ಕೇಳಿ ತಿಳಿದು, ನನ್ನತ್ತ ನೋಡಿ, ತಾವೊಬ್ಬರೇ ಮತ್ತೊಮ್ಮೆ ಮೇಜು ತಟ್ಟಿದರು. ಆಗ ಉಳಿದವರೂ ತಟ್ಟಿದರು. ಈ ಸಲ ನನಗಾಗಿ.

ಅದನ್ನು ಗೌರವವೆಂದು ಸ್ವೀಕರಿಸಬೇಕಿತ್ತು. ನನ್ನಿಂದಾಗಲಿಲ್ಲ. ಆ ಸದ್ದಿನ ನಡುವೆ ಕುಳಿತು ನನಗೆ ಹೊಳೆದದ್ದು ಒಂದೇ ಮಾತು: ಇವರಿಗೆ ತಟ್ಟಲು ಬರುತ್ತದೆ. ಇಷ್ಟು ಜನರ ಇಷ್ಟು ಗೆಣ್ಣುಗಳಿಗೆ ತಟ್ಟುವುದು ಇಷ್ಟು ಸಲೀಸು. ಮರದ ಮೇಜನ್ನು ಇಷ್ಟು ಹುರುಪಿನಿಂದ ತಟ್ಟುವ ಊರಿನಲ್ಲಿ ಒಂದು ಮರದ ಬಾಗಿಲಿಗೆ ಒಂದು ಕೈ ಸಿಗಲಿಲ್ಲ.

ಹೊರಬಂದ ಮೇಲೆ ಸೇತುವೆಯ ಮೇಲೆ ನನ್ನ ಕೊನೆಯ ವಾದ ಹೂಡಿದೆ. ಈ ಜನರ ನಡುವೆ ಅವಳು ಇರಕೂಡದು, ಟಿಕೆಟ್ ತೆಗೆಸಿದ್ದೇನೆ, ಪೆಟ್ಟಿಗೆ ಕಟ್ಟಲಿ ಎಂದೆ. ಅವಳು ಸೇತುವೆಯ ಕಟಕಟೆಗೆ ಒರಗಿ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ:

“ನಾನು ವಾಪಸ್ ಬಂದ್ರೆ ಆ ಕೋಣೆಗೆ ಮತ್ಯಾರೋ ಬರ್ತಾರೆ. ಬಾಗಿಲು ತಂದು ಮತ್ತೆ ಹಾಕ್ತಾರೆ. ಹೆನ್ನಿಂಗ್ ಈಗ ದಿನಾ ಬೆಳಿಗ್ಗೆ ‘ಎದ್ದ್ಯಾ?’ ಅಂತ ಕೇಳ್ತಾನೆ ಅಪ್ಪಾ. ಅದನ್ನ ಕಲ್ಸೋಕೆ ಎಷ್ಟು ಜಗಳ ಆಡಿದೀನಿ ಗೊತ್ತಾ? ನೀನು ಬಂದು ಇಷ್ಟು ದಿನ ಆಯ್ತು, ಒಂದಿನ ಆದ್ರೂ ಕೇಳಿದ್ಯಾ?”

ಟಿಕೆಟ್ ನನ್ನ ಕಿಸೆಯಲ್ಲೇ ಉಳಿಯಿತು. ಆದರೆ ವಾದ ಬಿಟ್ಟೆನೆಂದು ಭಾವಿಸಬೇಡ. ಹಬ್ಬದ ಬೆಳಗಿನವರೆಗೂ ಒಂದೊಂದು ಊಟದ ಹೊತ್ತಿಗೂ ಅದನ್ನೇ ಎತ್ತಿದೆ.

ಮೊನ್ನೆ ಸರ್ವಸಂತರ ಹಬ್ಬ. ಇಲ್ಲಿ ಅಂಗಡಿಗಳು ಮುಚ್ಚಿ, ಸಂಗೀತ ನಿಲ್ಲಿಸಿ, ಜನ ಸದ್ದಿಲ್ಲದೆ ಸ್ಮಶಾನಕ್ಕೆ ದೀಪ ಒಯ್ಯುತ್ತಾರೆ. ನೊಯೆಮಿ ಆ ಕೋಣೆಯಲ್ಲಿ ಅವನಿಗಾಗಿ ಮೇಜು ಸಿಂಗರಿಸಿದಳು. ಅವನು ಹೋದ ಮೇಲಿನ ಮೊದಲ ಮೇಜು. ತಮುನಾ ಹಿಟ್ಟು ನಾದಿದಳು. ಸತ್ತವರ ಮೇಜಿಗೆಂದು ಮಾಡುವ ರೊಟ್ಟಿಯ ಮಗುವಿಗೆ ಹೆನ್ನಿಂಗ್ ಒಣದ್ರಾಕ್ಷಿಯ ಕಣ್ಣಿಟ್ಟ. ಒಂದು ಕಣ್ಣು ಓರೆಯಾಯಿತು. “ಇವನು ಯಾರ ಕಡೆ ನೋಡ್ತಿದಾನೆ?” ಎಂದು ತಮುನಾ ರೇಗಿಸಿದಳು. ನಮ್ಮ ಮೆಕ್ಕೆಜೋಳದ ಚಿಚಾ ಸಿಗದೆ ಇಲ್ಲಿಯ ಹುಳಿ ಸೇಬಿನ ಮದ್ಯವಿಟ್ಟರು. ಒಂದು ಲೋಟ ನೀರು.

ಸತ್ತವರು ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಾರೆಂಬ ನಿನ್ನ ಮನೆಯವರ ನಂಬಿಕೆಯ ಬಗ್ಗೆ ನನ್ನ ಅಭಿಪ್ರಾಯ ನಿನಗೆ ತಿಳಿದಿದೆ. ಅಮ್ಮ ಅಲ್ಲಿ ಮೇಜಿಡುತ್ತಿರುವಾಗ ಇಲ್ಲೇಕೆಂದು ಕೇಳಿದೆ. “ಅಮ್ಮ ಅಲ್ಲಿ ಇಡ್ಲಿ, ನಾನು ಇಲ್ಲಿ ಇಡ್ತೀನಿ. ಅವನಿಗೆ ಎಲ್ಲಿ ಇಷ್ಟಾನೋ ಅಲ್ಲಿಗೆ ಬರ್ಲಿ. ನಿಂಗೇನು ಕಷ್ಟ?” ಎಂದಳು. ಈ ಆಟದಲ್ಲಿ ಕೂರಲಾರೆನೆಂದು ಹೇಳಿ ನಾನು ನದಿಯ ಕಡೆ ಹೊರಟೆ.

ಸರಿಯಾಗಿ ಹನ್ನೆರಡಕ್ಕೆ ಆ ಕೋಣೆಯ ಕರೆಗಂಟೆ ಮೊಳಗಿತಂತೆ. ಬಾಗಿಲಿಲ್ಲದ ಕೋಣೆಯಾದ್ದರಿಂದ ಮನೆಯೆಲ್ಲ ಕೇಳಿಸಿತಂತೆ. ಕೆಳಗೆ ಯಾರೂ ಇರಲಿಲ್ಲವಂತೆ. ನೊಯೆಮಿ ನಿನಗೆ ಫೋನಿನಲ್ಲಿ ಹೇಳಿ ಅತ್ತಿದ್ದಾಳೆಂದು ಬಲ್ಲೆ. ನಾನು ನದಿಯ ದಂಡೆಯಲ್ಲಿದ್ದೆ, ನನಗೇನೂ ಗೊತ್ತಿಲ್ಲ.

ಆ ಮಧ್ಯಾಹ್ನದಿಂದ ನಾನು ಅವಳನ್ನು ಬಾ ಎಂದು ಕರೆದಿಲ್ಲ. ಕಾರಣ ಕೇಳಬೇಡ. ನಿನ್ನದು ಸರಿಯೆಂದು ನಾನು ಹೇಳಿದಂತೆ ಇದನ್ನು ಓದಬೇಡ. ಅವಳ ಹಟ ನಿನ್ನದು, ಅವಳ ನಾಲಿಗೆ ನನ್ನದು. ಅವುಗಳ ನಡುವೆ ಆ ಹುಡುಗಿ ಒಂದು ವಿದ್ಯೆ ಕಲಿತು ಬರಲಿ.

ನಾಳಿನ ವಿಮಾನಕ್ಕೆ ಹೊರಡುತ್ತೇನೆ. ಮನೆಯ ಕೀಲಿಕೈ ನಿನ್ನ ಬಳಿಯೂ ಒಂದಿದೆ ಎಂಬುದನ್ನು ಕೇವಲ ಮಾಹಿತಿಗಾಗಿ ತಿಳಿಸಿದ್ದೇನೆ.

ಇಂತು,
ನಿನ್ನ ಮಕ್ಕಳ ತಂದೆ,
ಒಕ್ತಾವಿಯೊ ತೆರಾಸಾಸ್

ಮರೆತ ಮಾತು: ನಾನು ನದಿಗೆ ಹೋಗಲಿಲ್ಲ. ಗೋಡೆಯ ಮುಂದೆ ನಿಂತಿದ್ದೆ. ಅವನ ಅಕ್ಷರದ ಪಕ್ಕದ ಆ ಗುಂಡಿಯನ್ನು ಒತ್ತಿದವನು ನಾನು. ಭಕ್ತಿಯಿಂದಲ್ಲ, ಆ ಕೋಣೆಯಿಂದ ಕರೆ ಬಂದರೆ ಈ ಜನ ಏನು ಮಾಡುತ್ತಾರೆಂದು ನೋಡಬೇಕಿತ್ತು. ಮೇಲಿಂದಲೇ ಒಂದು ಗುಂಡಿ ಒತ್ತಿ ಬೀದಿಬಾಗಿಲು ತೆರೆಯುವ ಏರ್ಪಾಡು ಇಲ್ಲಿದೆ. ಯಾರೂ ಅದನ್ನು ಒತ್ತಲಿಲ್ಲ. ಮೂರು ಮಹಡಿಯ ಮೆಟ್ಟಿಲ ಮೇಲೆ ಕಾಲುಗಳ ಸದ್ದು ಕೇಳಿಸಿ ನಾನು ಮೂಲೆಗೆ ಸರಿದೆ. ಎಲ್ಲರಿಗಿಂತ ಮೊದಲು ಬಂದವನು ಹೆನ್ನಿಂಗ್. ಬರಿಗಾಲಲ್ಲಿ, ಕೈಯಲ್ಲಿ ಹಿಟ್ಟು. ಬೀದಿಯ ಎರಡೂ ತುದಿಗೆ ಓಡಿ ನೋಡಿದ. ನೊಯೆಮಿಗೆ ಇದನ್ನು ಹೇಳಬೇಡ. ಮದುವೆಯಾದಂದಿನಿಂದ ನಾನು ನಿನ್ನನ್ನು ಬೇಡಿಕೊಂಡದ್ದು ಇದೊಂದೇ.