ಮುರಿದ ಹಣೆಗೆ ಹಳೆಯ ಮುಖ ಕೇಳಿದವರಿಗೆ

ಕೈಲಾಂಚದ ಮಹಾಜನಗಳೇ, ಡೈರಿ ಮುಂದೆ ಕ್ಯಾನು ಹಿಡಿದು ನಿಂತ ತಾಯಂದಿರೇ, ರಾಮನಗರದ ಬಸ್ಸಿಗೆ ಕಾದವರೇ, ಎಲ್ಲರೂ ಹತ್ತಿರ ಬನ್ನಿ! ಈ ಪತ್ರ ಆರೋಗ್ಯ ಕಾರ್ಡಿನ ಅಧಿಕಾರಿಗಳಿಗೆ, ಸಾಕ್ಷಿ ನೀವು.

ಮಾನ್ಯ ಅಧಿಕಾರಿಗಳೇ, ಒಡೆದ ಮುಖ ಹಳೆಯ ಮುಖಕ್ಕೆ ಹೊಂದುವುದಿಲ್ಲವೆಂದು ನನ್ನ ತಮ್ಮ ಗಂಗಹನುಮಯ್ಯನ ಶಸ್ತ್ರಚಿಕಿತ್ಸೆಯನ್ನು ತಡೆದಿದ್ದೀರಿ. ಹೊಂದುವ ಹಾಗಿದ್ದರೆ ಅವನಿಗೆ ಚಿಕಿತ್ಸೆಯೇಕೆ, ಸ್ವಾಮಿ?

ನಮ್ಮೂರ ನಾಟಕದಲ್ಲಿ ಹದಿನೆಂಟು ವರ್ಷ ಭೀಮನ ಗದೆಗೆ ಎದೆಯೊಡ್ಡಿದ ದುರ್ಯೋಧನ ಅವನು. ಬಿದ್ದದ್ದು ಹಸುವಿನ ಒಂದು ಒದೆತಕ್ಕೆ! ಮಾಗಡಿ ಕಡೆಯಿಂದ ತಂದ ಹೊಸ ಹಸು. ಹಾಲು ಕರೆಯುತ್ತಲೇ ಪದ್ಯ ಅಭ್ಯಾಸ ಮಾಡುತ್ತಿದ್ದ, ತಾರಕಕ್ಕೆ ಏರಿಸಿದ, ಹಸು ಬೆಚ್ಚಿತು. "ಎದ್ದಾಗ ಕೂತಾಗ ಹಾಡ್ತಿರ್ಲಾ, ಆಗ್ಲೇ ಬಾಯಿಗೆ ಬರೋದು" ಎಂದಿದ್ದವನು ನಾನೇ. ಈ ಪಾಪ ನನ್ನದು. ಉಳಿದದ್ದು ಯಾರದು?

ಹುಬ್ಬಿನ ಮೇಲಿನ ಮೂಳೆ ಒಳಕ್ಕೆ ಕುಸಿದಿದೆ. ಕಣ್ಣುಗುಳಿಯ ತಳ ಒಡೆದು ಕಣ್ಣು ಕೆಳಕ್ಕೆ ಜಾರಿದೆ. ಒಂದು ಲೋಟ ಎರಡಾಗಿ ಕಾಣುತ್ತದೆ. ಕೂದಲ ನಡುವೆ ನೆತ್ತಿಯ ಚರ್ಮ ಸೀಳಿ, ಹಣೆಮೂಳೆ ಎತ್ತಿ, ಸ್ಕ್ರೂ ಹಾಕಿ ಕೂರಿಸಬೇಕು, ಕಣ್ಣ ಕೆಳಗೆ ಜಾಲರಿ ಇಡಬೇಕು ಎಂದರು ಡಾಕ್ಟರು. ಮೂರು ವಾರ ದಾಟಿದರೆ ಮೂಳೆ ಸೊಟ್ಟಗೆ ಕೂಡಿಕೊಂಡು, ಮತ್ತೆ ಒಡೆದೇ ಜೋಡಿಸಬೇಕಂತೆ. ಇವತ್ತು ಹತ್ತೊಂಬತ್ತನೇ ದಿನ!

ಹಿಪ್ಪುನೇರಳೆ ಸೊಪ್ಪು ಬಿಡಿಸಿ ಸವೆದ ಅವನ ಹೆಬ್ಬೆಟ್ಟಿನಲ್ಲಿ ನಿಮ್ಮ ಯಂತ್ರಕ್ಕೆ ಗೆರೆ ಸಿಗಲಿಲ್ಲ. ಅದರ ಕ್ಯಾಮೆರಾಕ್ಕೆ ಮುಖ ಹಿಡಿದರೆ, ಇವನಲ್ಲ ಎಂದಿತು. ಹಳೆಯ ಫೋಟೊ ಕೇಳಿದಿರಿ. ಮನೆಯಲ್ಲಿದ್ದದ್ದು ಒಂದೇ, ವೇಷದ್ದು. ಅದನ್ನೇ ತಂದೆವು.

"ಏನ್ ಮೇಷ್ಟ್ರೇ, ತಮಾಷೆನಾ? ಕಿರೀಟ ಹಾಕ್ಕೊಂಡು ಅರ್ಜಿ ಕೊಡ್ತಾರಾ?" ಎಂದರು ನಿಮ್ಮ ಗುಮಾಸ್ತರು.

ತಮ್ಮನ ಹೆಂಡತಿ ಮಾರಕ್ಕ ಸೆರಗು ಹಿಡಿದು ಮುಂದೆ ಬಂದಳು. "ಕಿರೀಟ, ಮೀಸೆ ಬಾಡಿಗೇವು ಸ್ವಾಮಿ. ಮೂಗು ಅವ್ರದ್ದೇ. ಒಸಿ ನೋಡ್ರಪ್ಪಾ!"

ನಗು ಎದ್ದಿತು. ಆಮೇಲೆ ಅರ್ಜಿಯ ಮೇಲೆ ಷರಾ ಬಂತು: 'ಮುಖ ಸರಿಯಾದ ನಂತರ ಮರು ಅರ್ಜಿ ಸಲ್ಲಿಸತಕ್ಕದ್ದು.' ಆಹಾ! ಇಂಥ ಮಾತು ನಮ್ಮ ವಿದೂಷಕನ ಬಾಯಲ್ಲೂ ಬಂದಿಲ್ಲ ಪ್ರಭುಗಳೇ.

ನನ್ನ ಬೇಡಿಕೆ ಒಂದೇ. ಇವನು ಇವನೇ ಎಂದು ಊರಿನ ನೂರಾರು ಜನ ರುಜು ಹಾಕಿದ್ದಾರೆ. ಅದನ್ನು ಒಪ್ಪಿ, ಆಸ್ಪತ್ರೆಗೆ ಇಂದೇ ಅನುಮತಿ ಕಳುಹಿಸಿ. ಕಳುಹಿಸದಿದ್ದರೆ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ತಮ್ಮನನ್ನು ನಿಮ್ಮ ಕಚೇರಿಗೆ ಕರೆತರುತ್ತೇನೆ. ಕೂಗುವುದಿಲ್ಲ, ಹಾಡುವುದಿಲ್ಲ. ಅವನ ಹಣೆಯ ಬಟ್ಟೆ ಬಿಚ್ಚಿ, ನಿಮ್ಮ ಬೆರಳು ಹಿಡಿದು, ಆ ತಗ್ಗಿನ ಮೇಲೆ ಇಡುತ್ತೇನೆ.

ಇಂತಿ,
ನಿಮ್ಮ ಕಚೇರಿ ಬೆಂಚಿನಲ್ಲಿ ಗಂಟಲು ಕಳೆದುಕೊಂಡ
ನಾಟಕದ ಮೇಷ್ಟ್ರು ಬಸವಯ್ಯ, ಕೈಲಾಂಚ