ಗುಡ್ಡಕ್ಕೊಂದು ಗೋಪೀಚಂದನ

ಹುನಗುಂದ
ತಾ. 18-10-1956

ಪ್ರೀತಿಯ ಅಣ್ಣ ಮಧುಸೂದನನಿಗೆ ತಂಗಿ ಕುಮುದಿನಿಯ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ. ಬಾಗಲಕೋಟೆಯಲ್ಲಿ ನೀನು, ವೈನಿ, ಮಕ್ಕಳು ಆರಾಮಾಗಿದ್ದೀರೆಂದು ತಿಳಿದಿದ್ದೇನೆ. ಗಣಪತಿ ಹಬ್ಬದ ಮುಂದೆ ಬಂದ ನಿನ್ನ ಕಾಗದಕ್ಕೆ ದಸರೆ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೋ, ಆದರೆ ಪೂರ್ತಿ ಓದಿದ ಮೇಲೆ ಮಾಡಿಕೋ. ಹಬ್ಬದ ಬೆನ್ನಿಗೆ ಪಿತೃಪಕ್ಷ, ಪಕ್ಷದ ಬೆನ್ನಿಗೆ ನವರಾತ್ರಿ, ನಡುವೆ ಸಣ್ಣವಳಿಗೆ ನಾಲ್ಕು ದಿನ ಜ್ವರ. ಈಗ ಎಲ್ಲ ನೆಟ್ಟಗಾಗಿದೆ. ನಿನ್ನೆಯಷ್ಟೇ ಅವಳು ನನ್ನ ಕುಂಚದಿಂದ ಬೆಕ್ಕಿಗೆ ಕುಂಕುಮ ಹಚ್ಚಿದಳು.

ನವೆಂಬರ ಒಂದಕ್ಕೆ ಹೊಸ ರಾಜ್ಯದ ಸಂಭ್ರಮದಲ್ಲಿ ನಿಮ್ಮ ಸಾಲೆಯೊಳಗೆ ಚಿತ್ರಗಳ ಪ್ರದರ್ಶನ ಇಡುತ್ತೇವೆ, ನೀನೂ ಒಂದು ಚಿತ್ರ ಕಳಿಸು ಎಂದು ಬರೆದಿದ್ದೆ. ಡ್ರಾಯಿಂಗ್ ಮಾಸ್ತರನಾದ ಅಣ್ಣ ತಾನಾಗಿ ಕೇಳಿದಾಗ ಯಾವ ತಂಗಿಗೆ ಕಳಿಸುವ ಆಸೆ ಇರುವುದಿಲ್ಲ? ನನಗಂತೂ ಜೀವ ಚಡಪಡಿಸಿತು. ಆದರೆ ನಾನು ಚಿತ್ರ ಬರೆಯುತ್ತೇನೆಂಬುದೇ ಅತ್ತೆ-ಮಾವನವರಿಗೆ ಗೊತ್ತಿರಲಿಲ್ಲ. ಹೇಳಿದರೆ ಎಲ್ಲಿ ಪೂರ್ತಿ ನಿಲ್ಲಿಸಿಬಿಡುತ್ತಾರೋ ಎಂಬ ಅಂಜಿಕೆ. ಹೋದ ವರ್ಷ ದೀಪಾವಳಿಯ ಭಾವುಬೀಜಕ್ಕೆ ನೀನು ಕುಬಸದ ಖಣದ ಜೊತೆ ಬಣ್ಣದ ಪೆಟ್ಟಿಗೆ ಕೊಟ್ಟಾಗ ಅತ್ತೆ, 'ಹುಡುಗರಿಗೆ ಆಡ್ಲಿಕ್ಕೆ ಕೊಟ್ಟಾನೇನು?' ಎಂದು ಕೇಳಿದ್ದರು. ನಾನು ಹೌದೆಂದಿದ್ದೆ. ಒಂದು ಸಲ ಹೌದೆಂದದ್ದು ಹನ್ನೊಂದು ತಿಂಗಳು ನಡೆಯಿತು.

ಹೇಗೆ ನಡೆಸಿದೆ ಎಂದು ಕೇಳು. ರಾತ್ರಿ ಎಲ್ಲರ ಊಟ ಮುಗಿದು, ಗೋಮಯ ಹಚ್ಚಿ, ಪಾತ್ರೆ ತಿಕ್ಕಿ, ಒಲೆ ಸಾರಿಸಿ, ಹಾಲಿಗೆ ಹೆಪ್ಪು ಹಾಕಿ, ಮರುದಿನದ ಮಡಿಸೀರೆಯನ್ನು ಕೋಲಿನಿಂದ ಗಳದ ಮೇಲೆ ಹರವುವ ಹೊತ್ತಿಗೆ ಹತ್ತೂವರೆ. ಆಮೇಲೆ ನಡುಮನೆಯಲ್ಲಿ ಜೋಳದ ಚೀಲಗಳ ಮರೆಗೆ ಕಂದೀಲು ಸಣ್ಣದು ಮಾಡಿಟ್ಟುಕೊಂಡು ಕೂಡುತ್ತಿದ್ದೆ. ಸೊಂಟ ನೋಯುತ್ತಿರುತ್ತದೆ, ಕಣ್ಣು ಎಳೆಯುತ್ತಿರುತ್ತವೆ. ಆದರೆ ಹಸಿ ಕಾಗದದ ಮೇಲೆ ಒಂದು ಹನಿ ನೀಲಿ ಬಿಟ್ಟರೆ ಅದು ತನ್ನ ಮನಸ್ಸಿಗೆ ಬಂದ ಕಡೆ ಹರಡುತ್ತದಲ್ಲ, ಅದನ್ನು ನೋಡುತ್ತ ನನ್ನ ನಿದ್ದೆ ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. ಹಗಲೆಲ್ಲ ಉಪ್ಪು ಎಲ್ಲಿ, ಧೋತರ ಎಲ್ಲಿ, ಪಾಟಿ ಎಲ್ಲಿ ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಆ ಒಂದು ತಾಸು ಯಾರೂ ಏನೂ ಕೇಳುವುದಿಲ್ಲ. ಅಣ್ಣಾ, ನಾನು ಒಬ್ಬಳೇ ಕೂತು ನಗುತ್ತಿರುತ್ತೇನೆ. ಇವರಿಗೆ ಮಾತ್ರ ಗೊತ್ತಿತ್ತು. ಕಚೇರಿಯಲ್ಲಿ ಒಂದು ಮಗ್ಗುಲು ಬರೆದು ಬಿಸಾಕಿದ ದಪ್ಪ ಕಾಗದ ತಂದು ಸುಮ್ಮನೆ ನನ್ನ ಟ್ರಂಕಿನ ಮೇಲೆ ಇಟ್ಟು ಹೋಗುತ್ತಿದ್ದರು.

ಇನ್ನು ನನ್ನ ಘನಕಾರ್ಯ ಕೇಳು. ನವರಾತ್ರಿಯ ಮೂರನೆಯ ರಾತ್ರಿ ನಾವಿಬ್ಬರೂ ಆಡಿ ಬೆಳೆದ ಬಾದಾಮಿಯ ಗುಡ್ಡ ಬರೆಯುತ್ತಿದ್ದೆ, ಸಂಜೆಯ ಬಿಸಿಲು ಬಿದ್ದದ್ದು. ಹಳದಿ ತೀರಿಹೋಯಿತು. ಅರ್ಧ ಗುಡ್ಡಕ್ಕೆ ಬಿಸಿಲಿದೆ, ಅರ್ಧಕ್ಕೆ ಇಲ್ಲ. ಎದುರಿನ ಗೂಡಿನಲ್ಲಿ ಮಾವನವರ ನಾಮದ ಪೆಟ್ಟಿಗೆ. ಅದರಲ್ಲಿ ಗೋಪೀಚಂದನದ ತುಂಡು, ತೇಯುವ ಪುಟ್ಟ ಕಲ್ಲು. ಆ ಬಣ್ಣ ನೋಡಿದೆಯಲ್ಲ, ಥೇಟ್ ನಮ್ಮ ಗುಡ್ಡದ ಬಿಸಿಲು. ಬರೇ ನೀರಲ್ಲಿ ತೇಯ್ದರೆ ಒಣಗಿದ ಮೇಲೆ ಉದುರುತ್ತದೆಂದು ಜಾಲಿಯ ಅಂಟು ನೆನೆಸಿ, ಅದರಲ್ಲಿ ದಟ್ಟಾಗಿ ತೇಯ್ದೆ. ಗುಡ್ಡ ಹೊಳೆಯಿತು. ಅಷ್ಟರಲ್ಲಿ ಸಣ್ಣವಳು ಎದ್ದು ಅತ್ತಳು. ಕುಂಚ, ಕಾಗದ ಅಡಗಿಸಿ ಓಡಿದೆ. ಅವಳನ್ನು ತಟ್ಟುತ್ತ ನಾನೂ ಮಲಗಿಬಿಟ್ಟೆ. ಕಲ್ಲು ತೊಳೆಯುವುದು ಉಳಿದೇಹೋಯಿತು.

ಬೆಳಿಗ್ಗೆ ಮಾವನವರು ಸ್ನಾನ ಮಾಡಿ ಬಂದು, ಅದೇ ಕಲ್ಲಿನ ಮೇಲೆ ನೀರು ಬಿಟ್ಟು ತೇಯ್ದು, ಹನ್ನೆರಡು ನಾಮ ಹಚ್ಚಿ, ಮೇಲೆ ಶಂಖ-ಚಕ್ರದ ಮುದ್ರೆ ಒತ್ತಿಕೊಂಡರು. 'ಈ ಸಲ ಗೋಪೀಚಂದನ ಭಾಳ ಛಲೋ ಬಂದದ, ಏನು ಹಿಡೀತದ' ಎಂದು ಹೊಗಳಿದರು. ನನಗೆ ಆಗ ನೆನಪಾಯಿತು. ಅವರು ಶಲ್ಯ ಹೊದ್ದು ಮಠಕ್ಕೆ ಪುರಾಣ ಕೇಳಲು ಹೋದರು. ಬಿಸಿಲು, ಮಂದಿ, ಬೆವರು. ಒಂದು ತಾಸಿಗೆ ಶಲ್ಯ ಮೈಗೆ ಅಂಟಿ ಕೂತಿತು. ಪುರಾಣದ ನಡುವೆ ಎಳೆದರೆ ಎದೆಯ ಕೂದಲು ಸಮೇತ ಬಂತಂತೆ. ಮನೆಗೆ ಬಂದು ಶಲ್ಯ ಹರವಿದರು. ಅದರ ಮೇಲೆ ಎದೆಯ ನಾಮ, ಹೊಟ್ಟೆಯ ನಾಮ, ಶಂಖ, ಚಕ್ರ ಎಲ್ಲ ಅಚ್ಚೊತ್ತಿದ್ದವು.

'ಬಂಡೆಪ್ಪ ಇದರಾಗ ಬೆಲ್ಲಾ ಕೂಡಿಸ್ಯಾನ. ಅಂಗಡಿಗೆ ಹೋಗಿ ನಾಕು ಮಂದಿ ಮುಂದ ಕೇಳೇ ಬರ್ತೇನಿ' ಎಂದು ಮಾವನವರು ಕೋಲು ತೆಗೆದುಕೊಂಡರು. ಅತ್ತೆ, 'ಹೋಗ್ರಿ, ಬಿಡಬ್ಯಾಡ್ರಿ' ಎಂದರು. ಪಾಪ, ಬಂಡೆಪ್ಪ ಏನು ಮಾಡಿದ್ದ? ಸುಮ್ಮನಿದ್ದರೆ ನನ್ನ ಬಣ್ಣದ ಪೆಟ್ಟಿಗೆ ಉಳಿಯುತ್ತಿತ್ತು, ಅವನ ಮಾನ ಹೋಗುತ್ತಿತ್ತು. ಬಾಗಿಲಿಗೆ ಅಡ್ಡ ನಿಂತೆ.

'ಬಂಡೆಪ್ಪಂದು ತಪ್ಪಿಲ್ಲರಿ. ಅಂಟು ಕೂಡಿಸಿದಾಕಿ ನಾ.'

'ಯಾಕ?'

'ಗುಡ್ಡಕ್ಕ ಬಣ್ಣಾ ಕಡಿಮಿ ಬಿತ್ತರಿ.'

'ಯಾವ ಗುಡ್ಡಕ್ಕ?'

'ಬಾದಾಮಿ ಗುಡ್ಡಕ್ಕ.'

ಅತ್ತೆ ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಇವರು ಕಂಬದ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. ಮಾವನವರು ಕೋಲು ಇಟ್ಟು, 'ತೊಗೊಂಡು ಬಾ' ಎಂದರು. ಟ್ರಂಕಿನ ತಳದಿಂದ ಎಲ್ಲ ತೆಗೆದೆ. ಓಣಿಯ ಬಾಳವ್ವ ನೂಲು ಸುತ್ತುವುದು, ಕಮತಗಿಯ ಸಂತೆಯ ಕುಂಬಳಕಾಯಿಗಳು, ನಮ್ಮ ಒಲೆ, ಕೊನೆಗೆ ಗುಡ್ಡ. ಚಷ್ಮಾ ಹಾಕಿಕೊಂಡು ಒಂದೊಂದನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಅತ್ತೆ ದೂರದಿಂದಲೇ, 'ಕುಂಚದಾಗ ಯಾವ ಪ್ರಾಣಿ ಕೂದಲಾ ಅದಾವೋ ಏನೋ' ಎಂದರು. ಆದರೆ ಬಾಳವ್ವನ ಚಿತ್ರ ಬಂದಾಗ ಹತ್ತಿರ ಬಂದು, 'ಆಕಿ ಇನ್ನಷ್ಟು ದಪ್ಪ ಇದ್ದಾಳ' ಎಂದರು.

ಮಾವನವರು ಗುಡ್ಡದ ಚಿತ್ರ ಮಾತ್ರ ಕೆಳಗಿಡಲಿಲ್ಲ. 'ಮಹಾಕೂಟದ ಹೊಂಡಾ ಬರೀತೀಯೇನು? ಸಣ್ಣಾಂವಿದ್ದಾಗ ನಾ ಅಲ್ಲೇ ಈಸು ಕಲ್ತದ್ದು' ಎಂದರು. ನನಗೆ ಅಳು, ನಗೆ ಎರಡೂ ಒಮ್ಮೆಲೇ ಬಂದವು.

ಅಂದಿನಿಂದ ಐದು ರಾತ್ರಿ ಕಂದೀಲು ದೊಡ್ಡದು ಮಾಡಿಕೊಂಡು ಬರೆದೆ. ಮಾವನವರು ಚಾಪೆಯ ಮೇಲೆ ಕೂತು, 'ನೀರು ಅಷ್ಟು ನೀಲಿ ಅಲ್ಲ, ಹಸರು. ಆ ಮೆಟ್ಟಲಾ ಜಾರತಿತ್ತು, ಜಾರೋ ಹಂಗ ಬರಿ' ಎನ್ನುವರು. ಜಾರುವ ಹಾಗೆ ಬರೆಯುವುದನ್ನು ನೀನು ಕಲಿತ ಮುಂಬಯಿಯಲ್ಲಿ ಕಲಿಸುತ್ತಾರೇನು? ನಾನಂತೂ ಬರೆದೆ. ಅತ್ತೆ, 'ನಿಮಗ ನಿದ್ದಿ ಇಲ್ಲಂದ್ರ ಆಕೀಗೂ ಬ್ಯಾಡೇನು' ಎಂದು ಬೈಯುತ್ತಲೇ ಬಂದು ಕೂಡುವರು. ಅವರದು ಎರಡೇ ಕರಾರು: ಕುಂಚ ಅಡಿಗೆಮನೆಯ ಹೊಸ್ತಿಲು ದಾಟಬಾರದು, ಕುಡಿಯುವ ಕೊಡದ ನೀರು ಮುಟ್ಟಬಾರದು. ಒಪ್ಪಿದೆ. ಮಾವನವರು ಬಂಡೆಪ್ಪನ ಅಂಗಡಿಯಿಂದ ಗೋಪೀಚಂದನದ ಎರಡು ತುಂಡು ತಂದು, 'ಇದು ನನಗ, ಇದು ನಿನ್ನ ಗುಡ್ಡಕ್ಕ' ಎಂದು ಒಂದನ್ನು ನನ್ನ ಕೈಗೆ ಹಾಕಿದರು. ಅಷ್ಟು ಸಂತೋಷ ನನಗೆ ಬಂಗಾರದ ಪಾಟಲಿ ಮಾಡಿಸಿದಾಗಲೂ ಆಗಿರಲಿಲ್ಲ.

ಮಹಾಕೂಟದ ಆ ಚಿತ್ರವನ್ನು ಹುಚ್ಚೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಇವರ ಕಚೇರಿಯ ಜವಾನ, ಕೆಲಸದ ಮೇಲೆ ಅಲ್ಲಿಗೆ ಬರುತ್ತಾನೆ, ಎರಡು ದಿನ ಇರುತ್ತಾನೆ. ಅವನಿಗೆ ಚಹಾ ಕೊಡು. ವೈನಿಗೆ ಮೆಂತ್ಯದ ಹಿಟ್ಟು ಕಟ್ಟಿದ್ದೇನೆ. ಮಕ್ಕಳಿಗೆ ಸೋದರತ್ತೆಯ ಆಶೀರ್ವಾದ. ನೂರು ವರ್ಷ ಬಾಳಲಿ, ಬಣ್ಣ ಕಂಡಲ್ಲೆಲ್ಲ ಕೈ ಹಾಕಲಿ.

ನಿನ್ನ ತಂಗಿ,
ಕುಮುದಿನಿ

ತಾ.ಕ.: ಅಣ್ಣಾ, ನಿನ್ನ ಕಾಗದದ ಕೊನೆಯ ಸಾಲು: 'ಚಿತ್ರದ ಮೇಲೆ ಹೆಸರು ಬರೀಬ್ಯಾಡ, ಅದನ್ನ ನಾ ಇಲ್ಲಿ ನೋಡ್ಕೋತೇನಿ.' ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಭೂತನಾಥನ ಗುಡಿಯ ಚಿತ್ರವನ್ನು ನಾನು ಸ್ಪರ್ಧೆಗೆಂದು ಬರೆದಾಗ ನನಗೆ ಹದಿಮೂರು, ನಿನಗೆ ಹದಿನಾರು. ಮದುವೆಗೆ ಬಂದ ಹುಡುಗಿಯ ಹೆಸರು ಊರೂರು ತಿರುಗಬಾರದೆಂದು ಅಪ್ಪ ಅಂದರು. ನೀನು ಮಸಿಯ ದೌತಿ ತೆಗೆದು ನಿನ್ನ ಹೆಸರು ಬರೆದೆ. ಅದಕ್ಕೇ ಬಹುಮಾನ ಬಂತು, ಅದನ್ನು ನೋಡಿಯೇ ನಿನ್ನನ್ನು ಮುಂಬಯಿಗೆ ಕಲಿಯಲು ಕಳಿಸಿದರು. ನೀನು ಕಲಿತದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಸತ್ಯವಾಗಿಯೂ ಇಲ್ಲ. ಆದರೆ ಇಷ್ಟು ವರ್ಷದಲ್ಲಿ, ಇಬ್ಬರೇ ಇದ್ದಾಗಲಾದರೂ, 'ಕುಮುದಾ, ಅದು ನಿಂದು' ಎಂದು ನೀನು ಒಂದು ಸಲವೂ ಅನ್ನಲಿಲ್ಲ. ಅದು ನನ್ನನ್ನು ಈಗಲೂ ಸುಡುತ್ತದೆ. ಈ ಸಲ ಚಿತ್ರದ ಮೂಲೆಗೆ ನನ್ನ ಹೆಸರು ಬರೆದಿದ್ದೇನೆ, ಅಳಿಸಲಿಕ್ಕೆ ಬಾರದ ಹಾಗೆ ಹೊಂಡದ ಬಣ್ಣದಲ್ಲೇ ಬರೆದಿದ್ದೇನೆ. ಹೆಸರಿನ ಸಮೇತ ತೂಗುಹಾಕುವುದಿದ್ದರೆ ಹಾಕು. ಇಲ್ಲವಾದರೆ ಹುಚ್ಚೇಶನ ಕೈಯಲ್ಲೇ ತಿರುಗಿ ಕಳಿಸು. ಮಾವನವರು ನಿನ್ನೆಯೇ ಪಡಸಾಲೆಯಲ್ಲಿ ಮೊಳೆ ಹೊಡೆದಿದ್ದಾರೆ.